ನಂಗೆ ರೆಸ್ಟ್ ಕೊಡಿಸಿದ್ರಂತೆ

ಕಳೆದ ತಿಂಗಳು ನಾವಿಬ್ರೂ ಎರಡು ರಾತ್ರಿ ಸಮುದ್ರದ ದಂಡೆಯ ರೆಸಾರ್ಟಲ್ಲಿ ಇದ್ದು ಬಂದ್ವಿ. ಮದುವೆಯಾಗಿ 31 ವರ್ಷ ತುಂಬ್ತು ಅಂತ ಬೆಂಗಳೂರಲ್ಲಿರೋ ಮಗ-ಸೊಸೆ ಬುಕ್ ಮಾಡಿದ್ದು. ಬಂದ ಮೇಲೆ ನಮ್ಮ ಬೀದಿಯಲ್ಲಿ ಸಿಕ್ಕೋರದ್ದೆಲ್ಲ ಒಂದೇ ಮಾತು, "ಪುಣ್ಯವಂತೆ ಕಣೇ ನೀನು, ಒಳ್ಳೆ ರೆಸ್ಟ್ ಸಿಕ್ತು." ಮಗನೂ ಯಾರಿಗೋ ಫೋನಲ್ಲಿ ಹೇಳ್ತಿದ್ದ, "ಅಮ್ಮಂಗೊಂದು ರೆಸ್ಟ್ ಕೊಡಿಸ್ದೆ" ಅಂತ. ಈ ಕೊಡಿಸೋ ರೆಸ್ಟ್ ಮೇಲೆ ನಂಗೆ ದೊಡ್ಡ ತಕರಾರಿದೆ. ಇವತ್ತು ಅದನ್ನೇ ಬರೀತೀನಿ. ಸೊಸೆ ಇದನ್ನ ಓದ್ತಾಳೆ. ಓದಲಿ.

ಮೊದಲೇ ಹೇಳಿಬಿಡ್ತೀನಿ, ರೆಸಾರ್ಟಿನೋರ ತಪ್ಪು ಏನೇನೂ ಇಲ್ಲ. ಅವರು ದುಡ್ಡಿಗೆ ತಕ್ಕ ಮರ್ಯಾದೆ ಕೊಟ್ರು. ನನ್ನ ಜಗಳ ಇರೋದು ಮನೆಯೋರ ಜೊತೆ.

ಎರಡು ದಿನ ಮನೆ ಬಿಟ್ಟು ಹೋಗೋದು ಅಂದ್ರೆ ಸುಮ್ನೆ ಅಲ್ಲ. ಮನೇಲಿ 84 ವರ್ಷದ ಅತ್ತೆ ಇದ್ದಾರೆ. ಅವರನ್ನ ನೋಡ್ಕೊಳ್ಳೋಕೆ ಭದ್ರಾವತಿಯಿಂದ ನಾದಿನಿ ಬಂದ್ಳು. ಆದ್ರೆ ನಾದಿನಿಗೆ ಮಂಡಿ ನೋವು, ಹೆಚ್ಚು ಹೊತ್ತು ಒಲೆ ಮುಂದೆ ನಿಲ್ಲೋ ಹಂಗಿಲ್ಲ. ಹಂಗಾಗಿ ಹಿಂದಿನ ಎರಡು ದಿನ ನಾನು ಮಾಡಿದ್ದೇನು ಗೊತ್ತಾ? ದೋಸೆ ಹಿಟ್ಟು ರುಬ್ಬಿಟ್ಟೆ, ಗೊಜ್ಜು ಮಾಡಿಟ್ಟೆ, ಚಪಾತಿ ಅರೆಬೇಯಿಸಿ ಕಟ್ಟಿಟ್ಟೆ, ಸಾರಿನ ಪುಡಿ ಮುಗಿದಿತ್ತು, ಅದನ್ನೂ ಹುರಿದು ಪುಡಿ ಮಾಡ್ದೆ. ಅತ್ತೆಯ ಮಾತ್ರೆಗಳನ್ನ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಂತ ಚೀಟಿ ಬರೆದು ಮೂರು ಡಬ್ಬಿಗೆ ಹಾಕ್ದೆ. ನಮ್ಮನೆಯವರು ಏನು ಮಾಡಿದ್ರು? ಶೇವ್ ಮಾಡ್ಕೊಂಡ್ರು. "ರೆಡಿನೇನೇ? ಕಾರು ಬಂತು" ಅಂದ್ರು.

ಹೊಸನಗರ, ನಗರ ದಾಟಿ ಹುಲಿಕಲ್ ಘಾಟಿ ಇಳಿದು ಕುಂದಾಪುರದ ಕಡೆ ಹೋದ್ವಿ. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ, ನಡುವೆ ಹೆದ್ದಾರಿ. ಎಷ್ಟು ಸಲ ನೋಡಿದ್ರೂ ಕಾರು ನಿಲ್ಲಿಸಿ ಅನ್ನೋ ಜಾಗ ಅದು. ನಿಲ್ಲಿಸಿದ್ರು, ಇಳಿದು ನಿಂತ್ಕೊಂಡ್ವಿ. ನಂಗೆ ಖುಷಿ ಆಗಲಿಲ್ಲ ಅಂತ ಸುಳ್ಳು ಹೇಳೋದಿಲ್ಲ. ರೂಮಿನ ಬಾಲ್ಕನಿಯಿಂದ ಸಮುದ್ರ ಕಾಣ್ತಿತ್ತು, ರಾತ್ರಿಯೆಲ್ಲ ಅದರ ಸದ್ದು. ಬೆಳಗಿನ ತಿಂಡಿಗೆ ನೀರುದೋಸೆ, ಹಲಸಿನೆಲೆಯ ಕೊಟ್ಟೆ ಕಡುಬು, ಇನ್ನೂ ಹೆಸರು ಗೊತ್ತಿಲ್ಲದ ಹದಿನೈದು ಥರ. ಸಮುದ್ರದ ಪಕ್ಕದಲ್ಲೇ ಈಜೋಕೆ ಇನ್ನೊಂದು ನೀರಿನ ತೊಟ್ಟಿ ಕಟ್ಟಿದ್ರು. ಅದು ಎಂತಕ್ಕೋ ನಂಗೆ ಇನ್ನೂ ಅರ್ಥ ಆಗಿಲ್ಲ.

ಮೊದಲನೇ ಬೆಳಿಗ್ಗೆ ಐದಕ್ಕೇ ಎಚ್ಚರ ಆಯ್ತು. ಮಾಡೋಕೆ ಏನೂ ಇಲ್ಲ. ಕೈ ಸುಮ್ನಿರಲ್ಲ ನೋಡಿ, ಹೊದಿಕೆ ಮಡಚ್ದೆ, ದಿಂಬು ಸರಿ ಮಾಡ್ದೆ, ಬಾತ್‌ರೂಮಿನ ಟವೆಲ್ ಹಿಂಡಿ ಒಣಗಾಕ್ದೆ. ಒಂಬತ್ತಕ್ಕೆ ರೂಮು ಕ್ಲೀನ್ ಮಾಡೋ ಹೆಂಗಸು ಬಂದ್ಳು. ಹೆಚ್ಚೂಕಡಿಮೆ ನನ್ನ ವಯಸ್ಸೇ. ಹಾಸಿಗೆ ನೋಡಿ ನಕ್ಕಳು. "ಅಮ್ಮ, ನೀವ್ ಹಾಸ್ಗಿ ಮಡ್ಚುಕೆ ಬಂದದ್ದಾ ಇಲ್ಲಿಗೆ? ಕೂಕಣಿ, ನಾ ಮಾಡ್ತೆ." ದಿನಕ್ಕೆ ಎಷ್ಟು ರೂಮು ಅಂತ ಕೇಳ್ದೆ. ಹನ್ನೆರಡು ಅಂದ್ಳು. ಮನೆಗೆ ಹೋದ ಮೇಲೆ ಅಂತ ಕೇಳಿದ್ದಕ್ಕೆ, "ಮನೆಗ್ ಹೋಯಿ ಇದನ್ನೇ ಮಾಡುದ್ ಅಲ್ದಾ" ಅಂತ ಮತ್ತೆ ನಕ್ಕಳು. ನನ್ನ ರೆಸ್ಟ್ ಅಂದ್ರೆ ಆಯಮ್ಮನ ಹದಿಮೂರನೇ ಹಾಸಿಗೆ ಅಷ್ಟೇ. ಅವಳಿಗೆ ಯಾವ ಮಗ ಎಲ್ಲಿ ರೂಮು ಬುಕ್ ಮಾಡ್ತಾನೆ?

ಆದ್ರೆ ನನ್ನ ತಲೆ ಕೆಡಿಸಿದ್ದು ಇದೆಲ್ಲಕ್ಕಿಂತ ಮೊದಲು, ಆರೂವರೆಗೆ ನಡೆದದ್ದು. ರೂಮಲ್ಲಿ ಒಂದು ಕರೆಂಟಿನ ಕೆಟಲ್, ಚಹಾದ ಪೊಟ್ಟಣ, ಹಾಲಿನ ಪುಡಿ ಇಟ್ಟಿದ್ರು. ನಮ್ಮನೆಯವರು ಎದ್ರು, ಕನ್ನಡಕ ಹಾಕ್ಕೊಂಡು ಕೆಟಲ್ ತಿರುಗಿಸಿ ಮುರುಗಿಸಿ ನೋಡಿದ್ರು, ನೀರು ತುಂಬಿಸಿದ್ರು, ಸ್ವಿಚ್ ಹಾಕಿದ್ರು. ಎರಡು ಕಪ್ ಚಹಾ ಮಾಡಿ ಬಾಲ್ಕನಿಗೆ ತಂದು ಕೊಟ್ರು. ತಂದು, "ನಿಂಗೆ ಸಕ್ಕರೆ ಎಷ್ಟೇ?" ಅಂತ ಕೇಳಿದ್ರು.

31 ವರ್ಷ ಕಣ್ರೀ. ಅವರಿಗೆ ಎಷ್ಟು ಸಕ್ಕರೆ, ಅವರಮ್ಮಂಗೆ ಎಷ್ಟು, ಯಾವ ಹಬ್ಬಕ್ಕೆ ಅವರ ಅಕ್ಕನಿಗೆ ಬೆಲ್ಲದ್ದೇ ಆಗಬೇಕು, ಎಲ್ಲಾ ನನ್ನ ನಾಲಿಗೆ ತುದೀಲಿದೆ. ಆಗ ನಾನೂ ನಕ್ಕೆ, ಒಂದೂವರೆ ಚಮಚ ಅಂದೆ. ಚಹಾ ಕುಡೀತಾ ಕುಡೀತಾ ಒಳಗೊಳಗೇ ಉರಿ ಶುರುವಾಯ್ತು. ಹಂಗಾದ್ರೆ ಇವರಿಗೆ ನೀರು ಕಾಯಿಸೋಕೆ ಬರುತ್ತೆ! ಇಷ್ಟು ವರ್ಷ ಬರಲ್ಲ ಅಂತ ತಿಳ್ಕೊಂಡಿದ್ದೆನಲ್ಲ. 160 ಕಿಲೋಮೀಟರು ದೂರ ಬಂದ್ರೆ ಬರುತ್ತೆ, ವಿನೋಬನಗರದ ಅಡುಗೆಮನೇಲಿ ಬರಲ್ಲ.

ಗಂಡಸರು ಹೊರಗೆ ದುಡಿದು ದಣಿದಿರ್ತಾರೆ ಅನ್ನೋರು ಇದ್ದೀರಿ. ಒಪ್ತೀನಿ. ನಮ್ಮನೆಯವರು ಭದ್ರಾವತಿ ಎಂಪಿಎಂನಲ್ಲಿ ಇದ್ದೋರು. 1936ರಲ್ಲಿ ಮಹಾರಾಜರ ಕಾಲದಲ್ಲಿ ಹುಟ್ಟಿದ ಕಾರ್ಖಾನೆ ಅದು. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬಂದ್ರೆ ಮೈಯೆಲ್ಲ ಪಲ್ಪಿನ ವಾಸನೆ, ಕಣ್ಣು ಕೆಂಪು. ಆಗ ನಾನೇ ಬಿಸಿನೀರು ತುಂಬಿಸಿಟ್ಟು, ಮಕ್ಕಳನ್ನ ಸದ್ದು ಮಾಡ್ಬೇಡಿ ಅಂತ ಪೇಪರ್ ಟೌನಿನ ಕ್ವಾರ್ಟರ್ಸ್ ಹೊರಗೆ ಕೂರಿಸ್ಕೋತಿದ್ದೆ. ಅದಕ್ಕೆ ನಂಗೆ ಬೇಜಾರಿಲ್ಲ. ಆದ್ರೆ ಕಾರ್ಖಾನೆಯಲ್ಲಿ ಕಾಗದ ಮಾಡೋದು ನಿಂತುಹೋಯ್ತಲ್ಲ. ಇವರು ವಿಆರ್‌ಎಸ್ ತಗೊಂಡ್ರು, ಶಿವಮೊಗ್ಗಕ್ಕೆ ಬಂದ್ವಿ. ಅವತ್ತಿಂದ ಅವರಿಗೆ ಪಾಳಿ ಇಲ್ಲ. ನಂಗೆ ಅವತ್ತೂ ಒಂದೇ ಪಾಳಿ, ಇವತ್ತೂ ಒಂದೇ ಪಾಳಿ, ಐದರಿಂದ ಹತ್ತು. ನನ್ನ ವಿಆರ್‌ಎಸ್ ಅರ್ಜಿ ಯಾರಿಗೆ ಕೊಡೋದು?

ಇದು ನಮ್ಮನೆಯ ಕಥೆ ಮಾತ್ರ ಅಲ್ಲ. ಜನ ಯಾವ ಕೆಲಸಕ್ಕೆ ಎಷ್ಟು ಹೊತ್ತು ಕಳೀತಾರೆ ಅಂತ ಕೇಂದ್ರ ಸರ್ಕಾರದೋರು 2019ರಲ್ಲಿ ಲೆಕ್ಕ ಹಾಕಿದ್ರು. ಸಂಬಳ ಇಲ್ಲದ ಮನೆಗೆಲಸ ಮಾಡೋ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ. ಅದೂ ಆ ಕೆಲಸಕ್ಕೆ ಕೈಹಾಕೋ ಗಂಡಸರು ನೂರಕ್ಕೆ 26 ಮಂದಿ, ಹೆಂಗಸರು 81. 2024ರಲ್ಲಿ ಮತ್ತೆ ಲೆಕ್ಕ ಹಾಕಿದ್ರು. ಹೆಂಗಸರದ್ದು 289, ಗಂಡಸರದ್ದು 88. ನಮ್ಮದು ಹತ್ತು ನಿಮಿಷ ಇಳೀತು, ಅವರದ್ದು ಒಂಬತ್ತು ನಿಮಿಷ ಇಳೀತು. ಇಳಿಯೋದ್ರಲ್ಲೂ ಪಾಪ ನಮ್ಮ ಜೊತೆಗೇ ಬಂದ್ರು.

ಎರಡು ದಿನಕ್ಕೆ ಖರ್ಚಾದದ್ದನ್ನ ಮಗ ಹೇಳ್ಲಿಲ್ಲ. ಹೊರಡೋವಾಗ ಕೌಂಟರಿನ ಮೇಲೆ ಬಿಲ್ ನೋಡ್ದೆ. ರಾತ್ರಿಗೆ 11 ಸಾವಿರ. ಏಳೂವರೆ ಸಾವಿರ ದಾಟಿದ ರೂಮಿಗೆ ನೂರಕ್ಕೆ 18 ತೆರಿಗೆ, ಒಟ್ಟು 25,960 ರೂಪಾಯಿ. ಆ ದುಡ್ಡಲ್ಲಿ ನಮ್ಮ ಬೀದಿಯಲ್ಲಿ ಹತ್ತು ತಿಂಗಳು ಪಾತ್ರೆ, ನೆಲಕ್ಕೆ ಜನ ಸಿಗ್ತಾರೆ ಅಂತ ಮೊದಲು ಲೆಕ್ಕ ಹಾಕ್ದೆ. ಆಮೇಲೆ ಆ ಹನ್ನೆರಡು ರೂಮಿನ ಹೆಂಗಸು ನೆನಪಾದ್ಳು. ನನ್ನ ಪಾತ್ರೆ ಇನ್ನೊಬ್ಬ ಹೆಂಗಸಿನ ಕೈಗೆ ದಾಟಿಸಿದ್ರೆ ಮನೆಯ ಗಂಡಸು ಕೂತ ಕುರ್ಚಿ ಒಂದಿಂಚೂ ಅಲುಗಲ್ಲ. ನಾನು ಕೇಳ್ತಿರೋದು ಆ ಕುರ್ಚಿ ಅಲುಗಲಿ ಅಂತ.

"ಮಗ ಪ್ರೀತಿಯಿಂದ ಮಾಡಿದ್ದನ್ನ ಹಿಂಗಂತೀಯಲ್ಲ" ಅಂತ ನನ್ನ ತಂಗಿ ಬೈದ್ಳು. ಪ್ರೀತಿ ಇಲ್ಲ ಅಂತ ನಾನೆಲ್ಲಿ ಅಂದೆ? ಆದ್ರೆ ಅದೇ ಮಗ ದೀಪಾವಳಿಗೆ ಬಂದಾಗ ಉಂಡ ತಟ್ಟೆ ಟೇಬಲ್ ಮೇಲೇ ಬಿಟ್ಟು ಎದ್ದ. ಸೊಸೆ ಎತ್ತಿದ್ಳು. ಅವಳೂ ಅವನ ಹಂಗೇ ಕಂಪನಿ ಕೆಲಸಕ್ಕೆ ಹೋಗೋಳು. ಇನ್ನು 25 ವರ್ಷ ಕಳೆದ್ರೆ ಅವಳ ಮಗ ಅವಳಿಗೂ ಎರಡು ರಾತ್ರಿ ರೂಮು ಬುಕ್ ಮಾಡ್ತಾನೆ, ಅವಳಿಗೂ ಜನ ಪುಣ್ಯವಂತೆ ಅಂತಾರೆ. ಅದು ನಂಗೆ ಬೇಡ. ತಟ್ಟೆ ಎತ್ತೋದನ್ನ ಅವನಿಗೆ ನಾನೇ ಕಲಿಸ್ಲಿಲ್ಲ, ಅದು ನನ್ನ ತಪ್ಪು, ಒಪ್ಕೋತೀನಿ.

ನಾವು ವಾಪಸ್ ಬಂದದ್ದು ಭಾನುವಾರ ಸಂಜೆ. ಸಿಂಕಲ್ಲಿ ಪಾತ್ರೆ, ಬಕೆಟಲ್ಲಿ ಎರಡು ದಿನದ ಬಟ್ಟೆ, ಅದರ ಜೊತೆ ನಮ್ಮ ಮರಳು ತುಂಬಿದ ಬಟ್ಟೆ. ಸೋಮವಾರ ಬೆಳಿಗ್ಗೆ ನಮ್ಮನೆಯವರು ಪೇಪರ್ ಹಿಡ್ಕೊಂಡು ಅದೇ ಕುರ್ಚೀಲಿ ಕೂತು, "ಕಾಫಿ ಆಯ್ತೇನೇ?" ಅಂದ್ರು. ನಾನು ನೆಲ ಗುಡಿಸ್ತಿದ್ದೋಳು ಪೊರಕೆ ಹಿಡ್ಕೊಂಡೇ ಹೇಳ್ದೆ, "ಸಮುದ್ರದ ಹತ್ರ ನಿಮಗೆ ಬರ್ತಿತ್ತಲ್ಲ, ಇಲ್ಲೂ ಬರುತ್ತೆ. ಹಾಲು ಫ್ರಿಜ್ಜಲ್ಲಿದೆ, ಡಿಕಾಕ್ಷನ್ ಇಳಿದಿದೆ." ಪೇಪರ್ ಮಡಚೋಕೆ ಅವರಿಗೆ ಐದು ನಿಮಿಷ ಬೇಕಾಯ್ತು. ಹಾಲು ಉಕ್ಕಿಸಿದ್ರು. ಒಳಗಿಂದ ಅತ್ತೆ, "ಗಂಡಸಿನ ಕೈಲಿ ಕಾಫಿ ಮಾಡಿಸ್ತಾಳಲ್ಲ, ಕಾಲ ಕೆಟ್ಟೋಯ್ತು" ಅಂದ್ರು. ಅಂದೋರೇ ಲೋಟ ಮುಂದೆ ಚಾಚಿದ್ರು.

ಮೂರು ವಾರ ಆಯ್ತು. ವಾರಕ್ಕೆ ನಾಲ್ಕು ದಿನ ಮಾಡ್ತಿದ್ದಾರೆ. ಒಲೆ ಒರೆಸೋದು ಮಾತ್ರ ಇನ್ನೂ ನನ್ನ ಪಾಲಿಗೇ ಇದೆ, ಅದರ ಬಗ್ಗೆ ಈ ವಾರ ಮಾತಾಡಬೇಕು. ಮಗನಿಗೆ ಫೋನ್ ಮಾಡಿ ಹೇಳಿದೀನಿ, ಮುಂದಿನ ವರ್ಷ ಎಲ್ಲೂ ರೂಮು ಬುಕ್ ಮಾಡ್ಬೇಡ ಮಾರಾಯ, ಎರಡು ದಿನ ರಜೆ ಹಾಕಿ ಇಲ್ಲಿಗೇ ಬಾ, ನೀನೂ ನಿನ್ನಪ್ಪನೂ ಸೇರಿ ಅಡುಗೆಮನೆ ನೋಡ್ಕೊಳ್ಳಿ, ಅತ್ತೆಯ ಮಾತ್ರೆ ಸಮೇತ. ಒಂದೇ ಷರತ್ತು, ಸಾಸಿವೆ ಡಬ್ಬಿ ಎಲ್ಲಿದೆ ಅಂತ ನನ್ನ ಕೂಗಿ ಕೇಳ್ಬಾರ್ದು. ಅವನು ಯೋಚನೆ ಮಾಡಿ ಹೇಳ್ತೀನಿ ಅಂದಿದ್ದಾನೆ.