ಅಪ್ಪ ಹೊತ್ತ ಬಸಿರು

ಖೂಬಾ ಪ್ಲಾಟ್‌ನ ನಮ್ಮ ಮನೆಯಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ನೂರಾರು ಕಿಲೋಮೀಟರ್ ದೂರ. ಆದರೂ ಒಂದು ವಾರದಿಂದ ನನ್ನ ತಲೆಯೊಳಗೆ ಒಂದು ಮೀನು ಈಜಾಡ್ಲಿಕತ್ತದ.

ಹೆಂಡತಿಗೆ ಏಳು ತಿಂಗಳು. ಕುಬಸ ಮುಗೀತು, ಮುಂದಿನ ವಾರ ತವರಿಗೆ ಹೊರಡ್ತಾಳೆ. "ಹೆರಿಗೆ ಆದಾಗ ನಾನೂ ಒಂದು ತಿಂಗಳು ರಜಾ ಹಾಕ್ತೀನಿ" ಅಂದೆ. ಅವ್ವ ನಕ್ಕಳು. "ಹಡಿಯಾಕಿ ಆಕಿ. ನೀ ಹೋಗಿ ಏನ್ ಮಾಡ್ತಿ?" ಆಫೀಸಿನಲ್ಲಿ ಮ್ಯಾನೇಜರ್ ಇದನ್ನೇ ಇಂಗ್ಲಿಷಿನಲ್ಲಿ ಕೇಳಿದರು.

ಆಗ ನೆನಪಾದದ್ದು, ಎರಡು ವರ್ಷದ ಹಿಂದೆ ರಾಮೇಶ್ವರಕ್ಕೆ ಹೋದಾಗ ಕಂಡ ಪೈಪ್‌ಫಿಶ್. ದಡದಲ್ಲಿ ಮೀನುಗಾರನೊಬ್ಬ ಬಲೆ ಕೊಡವುತ್ತಿದ್ದ. ಕಡಲ ಹುಲ್ಲಿನ ನಡುವೆ ಗೇಣುದ್ದದ ಹಸಿರು ಕಡ್ಡಿ. ನೋಡಿದರೆ ಕಡ್ಡಿಗೆ ಕಣ್ಣು! ಹೊಟ್ಟೆಯ ಕೆಳಗೆ ಸಾಬೂದಾನಿ ಅಂಟಿಸಿದಂತೆ ಮೊಟ್ಟೆಗಳ ಸಾಲು. ಆತ ಅದನ್ನು ಮೆಲ್ಲಗೆ ನೀರಿಗೆ ಬಿಟ್ಟ. ಕಡಲ ಕುದುರೆ, ಪೈಪ್‌ಫಿಶ್‌ಗಳ ಇಡೀ ಕುಟುಂಬಕ್ಕೆ 2001ರಿಂದ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ ಅಂತ ಆಮೇಲೆ ಓದಿದೆ.

ತಾಯಿ ಮೀನು ಅಂದುಕೊಂಡಿದ್ದೆ. ಅದು ಅಪ್ಪ! ಹೆಣ್ಣು ತನ್ನ ಮೊಟ್ಟೆಗಳನ್ನು ಗಂಡಿನ ಹೊಟ್ಟೆಗೆ ಅಂಟಿಸಿ ಹೋಗುತ್ತದೆ. ಮರಿಯಾಗೋ ತನಕ ಹೊರೋದು ಅವನೇ. ಓಡಿ ತಪ್ಪಿಸಿಕೊಳ್ಳೋಣ ಅಂದರೆ ಮೈತುಂಬ ಎಲುಬಿನ ಬಳೆಗಳು, ಈಜಲಿಕ್ಕೆ ಮುಖ್ಯವಾಗಿ ಬೆನ್ನ ಮೇಲಿನ ಪುಟ್ಟ ರೆಕ್ಕೆಯೇ ಗತಿ. ಒಳಗೆ ಜಠರವೇ ಇಲ್ಲ. ಹಾಗಾಗಿ ಕೊಳವೆಯಂಥ ಬಾಯಿಂದ ಸಿಗಡಿ ಜಾತಿಯ ಸಣ್ಣ ಸಣ್ಣ ಜೀವಿಗಳನ್ನು ಮತ್ತೆ ಮತ್ತೆ ಹೀರುತ್ತಲೇ ಇರಬೇಕು. ಬಾಲವನ್ನು ಹುಲ್ಲಿಗೆ ಸುತ್ತಿಕೊಂಡು, ಹುಲ್ಲಿನಂತೆಯೇ ತೂಗಾಡೋದು ಅವನ ಉಪಾಯ. ಮನೆ, ಊಟ, ಮರೆ ಎಲ್ಲ ಆ ಹುಲ್ಲೇ. ತಳ ಕೆರೆಯುವ ಟ್ರಾಲ್ ಬಲೆ ಅದನ್ನು ಕಿತ್ತೊಯ್ದರೆ ಅಪ್ಪನೂ ಮೊಟ್ಟೆಗಳೂ ಬಯಲಿಗೆ ಬಿದ್ದಂಗೆ.

ನಮ್ಮಲ್ಲಿ ಮೊದಲ ಎರಡು ಹೆರಿಗೆಗೆ ತಾಯಿಗೆ 2017ರಿಂದ 26 ವಾರ ರಜೆ. ಕೇಂದ್ರ ಸರ್ಕಾರಿ ನೌಕರನಾದ ಅಪ್ಪನಿಗೆ 15 ದಿನ. ನನ್ನಂಥ ಖಾಸಗಿ ನೌಕರನಿಗೆ ಕೊಡಲೇಬೇಕು ಅನ್ನೋ ಕೇಂದ್ರ ಕಾನೂನಿಲ್ಲ. ಕಂಪನಿ ಮನಸ್ಸು ಮಾಡಬೇಕು.

ಮೀನಿನ ಕಥೆಯನ್ನು ಅವ್ವನಿಗೆ ಹೇಳಿದೆ. "ಮರಿ ಆದಮ್ಯಾಲ ಸಾಕೋದೂ ಅದೇನಾ?" ಅಂದಳು.

ಇಲ್ಲವಲ್ಲ! ಮರಿ ಹೊರಬಿದ್ದರೆ ಅವನ ಕೆಲಸ ಮುಗೀತು, ಅವು ತಮ್ಮ ಪಾಡಿಗೆ.

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹಂಗಾರ ನೀ ಅಲ್ಲಿಂದ ಶುರು ಮಾಡು."

ನಿನ್ನೆ ರಾತ್ರಿ ರಜೆ ಅರ್ಜಿ ಕಳಿಸಿದೆ. ಉತ್ತರ ಇನ್ನೂ ಬಂದಿಲ್ಲ. ನೀವೂ ಅಪ್ಪ ಆಗೋರಿದ್ದರೆ, ನಿಮ್ಮ ಆಫೀಸಿನ ರಜೆ ನಿಯಮ ಇವತ್ತೇ ತೆಗೆದು ಓದಿ.