ಪದಪರಿಚಯ: ‘ಟೆಂಡರ್’ ಮತ್ತು ‘ಮೌತ್’

ಆಂಗ್ಲಭಾಷೆಯ ಕೆಲವು ಪದಗಳು ನಮ್ಮ ಮನೆಬಾಗಿಲಿಗೆ ಹಲವು ವೇಷಗಳಲ್ಲಿ ಬರುತ್ತವೆ. ‘ಟೆಂಡರ್’ ಅಂತಹದೊಂದು ಪದ. ಬಾಳೂರು, ಕಳಸ, ಮೂಡಿಗೆರೆಯ ಕಾಫಿಸೀಮೆಯಲ್ಲಿ ಇದನ್ನು ಕೇಳದವರು ವಿರಳ. ರಸ್ತೆಯ ಕಾಮಗಾರಿಗೆ ಟೆಂಡರ್ ಕರೆಯುತ್ತಾರೆ. ಎಳನೀರಿಗೆ ಇಂಗ್ಲಿಷಿನಲ್ಲಿ ‘ಟೆಂಡರ್ ಕೋಕೋನಟ್’ ಎನ್ನುತ್ತಾರೆ. ಆಸ್ಪತ್ರೆಯ ಚೀಟಿಯಲ್ಲಿ ವೈದ್ಯರು ‘ಟೆಂಡರ್‌ನೆಸ್’ ಎಂದು ಬರೆಯುತ್ತಾರೆ. ಈ ಮೂರನ್ನೂ ಒಂದೇ ಎಂದು ಭಾವಿಸಿದರೆ ಅರ್ಥ ಕೆಡುತ್ತದೆ. ಒಮ್ಮೊಮ್ಮೆ ಜೀವಕ್ಕೂ ಸಂಚಕಾರ ಬಂದೀತು.

ವಾಸ್ತವವಾಗಿ ಇಲ್ಲಿರುವುದು ಎರಡು ಬೇರೆ ಬೇರೆ ಪದಗಳು. ಗುತ್ತಿಗೆಯ ಟೆಂಡರ್ ‘ಚಾಚು, ಮುಂದೊಡ್ಡು’ ಎಂಬರ್ಥದ ಲ್ಯಾಟಿನ್ನಿನ ‘ತೆಂದೆರೆ’ಯಿಂದ ಬಂದುದು. ತನ್ನ ದರವನ್ನು ಬರೆದು ಮುಂದಿಡುವುದೇ ಟೆಂಡರ್. ರಾಜೀನಾಮೆಯನ್ನು ‘ಟೆಂಡರ್’ ಮಾಡುವುದೆಂದರೂ ಸಲ್ಲಿಸುವುದೆಂದೇ ಅರ್ಥ. ಎಳನೀರಿನ ಟೆಂಡರಾದರೋ ‘ಎಳೆಯ, ಮೃದುವಾದ’ ಎಂಬರ್ಥದ ‘ತೆನೆರ್’ ಎಂಬ ಮೂಲದ್ದು. ‘ಟೆಂಡರ್ ಏಜ್’ ಎಂದರೆ ಎಳೆಯ ವಯಸ್ಸು. ‘ಟೆಂಡರ್ ಹಾರ್ಟ್’ ಎಂದರೆ ಪರರ ನೋವಿಗೆ ಮರುಗುವ ಹೃದಯ.

ವೈದ್ಯರ ಪದವೂ ಈ ಎರಡನೆಯ ಮೂಲದ್ದೇ. ಎಳೆಯದು ಬೇಗ ನೋಯುತ್ತದೆ. ಆದ್ದರಿಂದ ಮುಟ್ಟಿದರೆ ನೋಯುವ ಜಾಗಕ್ಕೂ ‘ಟೆಂಡರ್’ ಎಂಬ ವಿಶೇಷಣ ಸಂದಿತು. ಹೊಟ್ಟೆಯ ಕೆಳಭಾಗದಲ್ಲಿ ಬಲಗಡೆ ‘ಟೆಂಡರ್‌ನೆಸ್’ ಇದೆಯೆಂದು ಬರೆದಿದ್ದರೆ ಹೊಟ್ಟೆ ಮೆತ್ತಗಿದೆಯೆಂದು ಸಮಾಧಾನಪಡಬಾರದು. ಒತ್ತಿದರೆ ಅಲ್ಲಿ ನೋವಿದೆಯೆಂದು ತಿಳಿಯಬೇಕು. ಅಪೆಂಡಿಕ್ಸ್ ಉರಿಯೂತದ ಮುಖ್ಯ ಲಕ್ಷಣಗಳಲ್ಲಿ ಇದೂ ಒಂದು. ಚಿಕ್ಕಮಗಳೂರಿಗೋ, ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೋ ಹೋಗಬೇಕೆಂದು ವೈದ್ಯರು ಹೇಳಿದಾಗ, ಪದದ ಮೆದುತನವನ್ನು ನಂಬಿ ತಡಮಾಡುವುದು ತರವಲ್ಲ.

ಆಸ್ಪತ್ರೆಯಲ್ಲಿ ಎದುರಾಗುವ ಇನ್ನೊಂದು ಪದ ‘ಮೌತ್’, ಎಂದರೆ ಬಾಯಿ. ರೋಗಿಯ ಮಂಚಕ್ಕೆ ‘ನಿಲ್ ಬೈ ಮೌತ್’ ಎಂಬ ಫಲಕ ತೂಗಿದ್ದರೆ ಬಾಯಿಯ ಮೂಲಕ ಏನನ್ನೂ ಕೊಡಕೂಡದೆಂದು ಅರ್ಥ. ಇದನ್ನೇ ‘ಎನ್.ಪಿ.ಓ.’ ಎಂದೂ ಬರೆಯುವುದುಂಟು. ಅದು ‘ನಿಲ್ ಪರ್ ಓಸ್’ ಎಂಬ ಲ್ಯಾಟಿನ್ ಮಾತಿನ ಸಂಕ್ಷೇಪ. ಔಷಧದ ಚೀಟಿಯಲ್ಲಿ ಬರಿಯ ‘ಪಿ.ಓ.’ ಎಂದಿದ್ದರೆ ಅದು ಅಂಚೆ ಕಚೇರಿಯಲ್ಲ, ಬಾಯಿಯ ಮೂಲಕ ಸೇವಿಸತಕ್ಕದ್ದು ಎಂಬ ಸೂಚನೆ. ಶಸ್ತ್ರಚಿಕಿತ್ಸೆಗೆ ಮುನ್ನ ಹೊಟ್ಟೆಯಲ್ಲಿ ಆಹಾರವಿದ್ದರೆ, ಅರಿವಳಿಕೆಯ ಸಮಯದಲ್ಲಿ ಅದು ಮೇಲಕ್ಕೆ ಬಂದು ಶ್ವಾಸಕೋಶವನ್ನು ಸೇರುವ ಅಪಾಯವಿದೆ. ರೋಗಿಯನ್ನು ಕಾಣಹೋಗುವಾಗ ಫ್ಲಾಸ್ಕಿನಲ್ಲಿ ಕಾಫಿ, ಕೈಯಲ್ಲಿ ಎಳನೀರು ಒಯ್ಯುವುದು ಮಲೆನಾಡಿನವರ ಪ್ರೀತಿಯ ರೂಢಿ. ಆದರೆ ಆ ಫಲಕವಿರುವಲ್ಲಿ ವೈದ್ಯರು ಒಪ್ಪುವವರೆಗೆ ಗುಟುಕು ನೀರನ್ನೂ ಕೊಡಲಾಗದು.

ಬಾಯಿಯನ್ನು ಕುರಿತ ನುಡಿಗಟ್ಟುಗಳು ಎರಡೂ ಭಾಷೆಗಳಲ್ಲಿ ಸಮೃದ್ಧವಾಗಿವೆ. ‘ಹೃದಯ ಬಾಯಲ್ಲಿದೆ’ ಎಂದು ಆಂಗ್ಲರು ಹೇಳುವಲ್ಲಿ ನಾವು ‘ಜೀವ ಬಾಯಿಗೆ ಬಂತು’ ಎನ್ನುತ್ತೇವೆ. ‘ಕೈಯಿಂದ ಬಾಯಿಗೆ ಬದುಕುವುದು’ ಎಂದರೆ ಅಂದಿನ ದುಡಿಮೆ ಅಂದಿನ ಊಟಕ್ಕಷ್ಟೇ ಸಾಕಾಗುವ ಬಡತನ. 1546ರಲ್ಲಿ ಜಾನ್ ಹೇವುಡ್ ಪ್ರಕಟಿಸಿದ ಇಂಗ್ಲಿಷ್ ಗಾದೆಗಳ ಸಂಗ್ರಹದಲ್ಲಿ ಬಾಯಿಯ ಎರಡು ಗಾದೆಗಳು ಕಾಣುತ್ತವೆ. ಒಂದು, ಬಾಯಲ್ಲಿಟ್ಟ ಬೆಣ್ಣೆಯೂ ಕರಗದಂತೆ ತೋರುವವಳ ಮಾತು. ಒಳಗೆ ಬೇರೆಯಿದ್ದು ಹೊರಗೆ ಮುಗ್ಧತೆಯನ್ನು ನಟಿಸುವವರಿಗೆ ಇದು ಸಲ್ಲುತ್ತದೆ. ಬಾಯಲ್ಲಿ ಬೆರಳಿಟ್ಟರೂ ಕಚ್ಚಲಾರದಂತೆ ಇರುತ್ತಾರೆಂದು ನಾವು ಹೇಳುವುದು ಇಂಥವರನ್ನೇ. ಇನ್ನೊಂದು, ದಾನವಾಗಿ ಬಂದ ಕುದುರೆಯ ಬಾಯಿ ನೋಡಬೇಡ ಎಂಬುದು. ಕುದುರೆಯ ವಯಸ್ಸನ್ನು ಅಳೆಯುವುದು ಹಲ್ಲಿನಿಂದಲ್ಲವೇ? ‘ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರು’ ಎಂಬ ನಮ್ಮ ಗಾದೆಯೂ ಇದನ್ನೇ ಹೇಳುತ್ತದೆ. ಪದಕ್ಕೆ ಪದವಿಟ್ಟರೆ ಇಂಥ ಸಾಮ್ಯ ಕಾಣದು. ಭಾವಕ್ಕೆ ಭಾವವಿಟ್ಟರೆ ಕಾಣುತ್ತದೆ.

ಮೃದುತ್ವವೂ ಬಾಯಿಯೂ ಒಂದಾಗುವುದು ಸವಿನುಡಿಯಲ್ಲಿ. ಬಸವಣ್ಣನವರು ಮೃದುವಾದ ಮಾತನ್ನು ಜಪತಪಗಳ ಸಾಲಿನಲ್ಲಿಟ್ಟರು. ಮನೆಯಲ್ಲಿ ಓದಿದ ಮಕ್ಕಳು ಅಜ್ಜ ಅಜ್ಜಿಯರ ಆಸ್ಪತ್ರೆಯ ಚೀಟಿಯನ್ನು ನಿಧಾನವಾಗಿ ಓದಿ, ತಿಳಿಗನ್ನಡದಲ್ಲಿ ಸಮಾಧಾನದಿಂದ ವಿವರಿಸಲಿ. ಅರ್ಥದಲ್ಲಿ ಸಂದೇಹವಿದ್ದರೆ ಊಹಿಸದೆ ವೈದ್ಯರನ್ನೋ ದಾದಿಯರನ್ನೋ ಕೇಳಲಿ. ಕಲಿತ ಇಂಗ್ಲಿಷು ಮನೆಮಂದಿಗೆ ಉಪಕಾರವಾಗುವುದು ಆಗಲೇ.