ಕಂಡಿಕೆ ಸುತ್ತಿದ ಕೈಗೆ ಕೂಲಿ ಎಷ್ಟು?

ಊರಿಗೊಂದು ಸದ್ದು ಇರುತ್ತೆ, ಗಮನಿಸಿದ್ದೀರಾ? ನೆಲಮಂಗಲದವರಿಗೆ ತುಮಕೂರು ರಸ್ತೆ, ಹಾಸನ ರಸ್ತೆ ಎರಡರ ಲಾರಿಗಳ ಸದ್ದು. ಹೊಸಕೋಟೆಯವರಿಗೆ ಹಳೇ ಮದರಾಸು ರಸ್ತೆಯ ಹಾರನ್ನು. ದೇವನಹಳ್ಳಿಯವರಿಗೆ 2008ರ ಮೇ ತಿಂಗಳಿಂದ ನೆತ್ತಿಯ ಮೇಲೆ ವಿಮಾನ. ಇವೆಲ್ಲ ಹೊರಗಿನಿಂದ ಬರುವ ಸದ್ದುಗಳು. ಬಾಗಿಲು ಹಾಕಿಕೊಂಡರೆ ಅಷ್ಟಿಷ್ಟಾದರೂ ತಗ್ಗುತ್ತವೆ. ನಮ್ಮ ದೊಡ್ಡಬಳ್ಳಾಪುರದ್ದು ಹಾಗಲ್ಲ. ಇಲ್ಲಿ ಸದ್ದು ಹುಟ್ಟುವುದೇ ನಡುಮನೆಯಲ್ಲಿ. ಮಗ್ಗದ ಸದ್ದು. ಬಾಗಿಲು ಹಾಕಿಕೊಂಡರೆ ಇನ್ನೂ ಜೋರು!

ಈ ಊರಿಗೆ ಸೊಸೆಯಾಗಿ ಬಂದವರು ಮೊದಲ ವಾರ ನಿದ್ದೆಯೇ ಬರೋಲ್ಲ ಅಂತಾರೆ. ಆರು ತಿಂಗಳು ಕಳೆದು ತವರಿಗೆ ಹೋದರೆ ಅಲ್ಲಿ ನಿದ್ದೆ ಬರೋಲ್ಲ ಅಂತಾರೆ. ಯಾಕಮ್ಮ ಅಂದರೆ, ಸದ್ದೇ ಇಲ್ಲವಲ್ಲ! ತೊಟ್ಟಿಲ ಕೂಸಿಗೂ ಮಗ್ಗವೇ ಜೋಗುಳ. ಮಗ್ಗ ನಿಂತರೆ ಕೂಸು ಎದ್ದು ಅಳುತ್ತೆ.

ಕರೆಂಟು ಹೋದಾಗ ನೋಡಬೇಕು ನಮ್ಮ ಬೀದಿಯನ್ನು. ಸಾಲುಮನೆಗಳ ಸದ್ದೆಲ್ಲ ಒಮ್ಮೆಲೇ ನಿಂತು, ಕಿವಿಯೊಳಗೆ ಗುಂಯ್ ಅನ್ನುತ್ತೆ. ಎರಡು ನಿಮಿಷಕ್ಕೆ ಹೆಂಗಸರೆಲ್ಲ ಜಗಲಿಗೆ ಹಾಜರ್. ಒಬ್ಬರ ಕೈಲಿ ಹುರುಳಿಕಾಯಿ, ಒಬ್ಬರ ಮಡಿಲಲ್ಲಿ ಮಗು. ಮಗಳ ಸೀಮಂತ, ಗ್ಯಾಸಿನ ಬೆಲೆ, ಘಾಟಿ ಸುಬ್ರಹ್ಮಣ್ಯದ ಜಾತ್ರೆ ಎಲ್ಲ ಮಾತೂ ಆ ಅರ್ಧ ಗಂಟೆಯಲ್ಲೇ. ಕರೆಂಟು ಬಂತೋ, ಮಾತು ಅರ್ಧಕ್ಕೇ ಬಿಟ್ಟು ಎಲ್ಲರೂ ಒಳಗೆ. ಗಂಡಸರಿಗೆ ಕರೆಂಟು ಹೋದರೆ ನಷ್ಟದ ಲೆಕ್ಕ. ಹೆಂಗಸರಿಗೆ ಮಾತ್ರ, ಬಾಯಲ್ಲಿ ಹೇಳದಿದ್ದರೂ, ಒಂದಿಷ್ಟು ಬಿಡುವು.

ಹಾಗಾದರೆ ಅವರ ಕೆಲಸ ಏನು? ಈ ಪ್ರಶ್ನೆ ಕೇಳಿ ನೋಡಿ. "ನಮ್ಮನೆಯವರು ಮಗ್ಗ ಬಿಡ್ತಾರೆ. ನಾನು ಮನೇಲೇ ಇರ್ತೀನಿ ಕಣ್ರೀ" ಎಂಬ ಉತ್ತರ ಬರುತ್ತೆ. ಹಾಗೆ ಹೇಳುತ್ತಲೇ ಆಕೆಯ ಕೈ ಕಂಡಿಕೆ ಸುತ್ತುತ್ತಿರುತ್ತೆ!

ಮಗ್ಗ ಕಾಣದ ಊರಿನ ಓದುಗ ಸೋದರಿಯರಿಗೆ ಇಲ್ಲಿ ಎರಡು ಮಾತು ಹೇಳಬೇಕು. ಸೀರೆಯಲ್ಲಿ ಉದ್ದಕ್ಕೆ ಹೋಗುವ ಎಳೆಗಳು ಹಾಸು, ಅಡ್ಡಕ್ಕೆ ಹೋಗುವ ಎಳೆ ಹೊಕ್ಕು. ಹೊಕ್ಕಿನ ನೂಲನ್ನು ಒಂದು ಪುಟ್ಟ ಕಡ್ಡಿಗೆ ಸುತ್ತಿ ಲಾಳಿಯೊಳಗೆ ಕೂರಿಸುತ್ತಾರೆ. ಆ ಸುತ್ತಿದ ಕಡ್ಡಿಯೇ ಕಂಡಿಕೆ. ಲಾಳಿ ಎಡಕ್ಕೂ ಬಲಕ್ಕೂ ಓಡಿದಂತೆ ಕಂಡಿಕೆಯ ನೂಲು ಬಿಚ್ಚಿಕೊಳ್ಳುತ್ತೆ. ವಿದ್ಯುತ್ ಮಗ್ಗದಲ್ಲಿ ಒಂದು ಕಂಡಿಕೆ ಬರುವುದು ಕೆಲವೇ ನಿಮಿಷ. ಖಾಲಿಯಾದ ಕೂಡಲೇ ಇನ್ನೊಂದು ಸಿದ್ಧವಿರಬೇಕು, ಇಲ್ಲದಿದ್ದರೆ ಮಗ್ಗ ನಿಂತುಬಿಡುತ್ತೆ. ಎರಡು ಮಗ್ಗ ಇರುವ ಮನೆಯಲ್ಲಿ ಬೆಳಗಿನಿಂದ ರಾತ್ರಿವರೆಗೆ ಎಷ್ಟು ಕಂಡಿಕೆ ಬೇಕು, ನೀವೇ ಊಹಿಸಿ. ಅದರ ಜೊತೆಗೆ ಕಡಿದ ಎಳೆ ಕೂಡಿಸಬೇಕು. ಹೊಸ ಹಾಸು ಬಂದಾಗ ಸಾವಿರಾರು ಎಳೆಗಳನ್ನು ಒಂದೊಂದಾಗಿ ಹಳೆಯದಕ್ಕೆ ಸೇರಿಸಲು ಕೈಗೂಡಿಸಬೇಕು. ಸೀರೆ ಇಳಿದ ಮೇಲೆ ಗಂಟು, ಕೊಸರು ಕತ್ತರಿಸಿ ಮಡಿಸಬೇಕು. ಅನ್ನಕ್ಕೆ ಇಟ್ಟು, ಮಗುವಿಗೆ ಉಣಿಸಿ, ಮಧ್ಯೆ ಮಧ್ಯೆ ಇದೆಲ್ಲ ಆಗಬೇಕು. ಕೂಲಿ ಬರುವುದು ಸೀರೆಯ ಲೆಕ್ಕದಲ್ಲಿ, ಮಗ್ಗ ಬಿಟ್ಟವರ ಕೈಗೆ. ಕಂಡಿಕೆಯ ಲೆಕ್ಕ ಆ ಕೂಲಿಯಲ್ಲೇ ಕರಗಿಹೋಗಿರುತ್ತೆ.

"ಈಗ ನಿಮಗೇನು ಕಷ್ಟ? ಮಿಕ್ಸಿ ಇದೆ, ಕುಕ್ಕರ್ ಇದೆ, ಬಟ್ಟೆ ಒಗೆಯೋ ಮೆಷೀನೂ ಬಂತು" ಅನ್ನುವವರಿದ್ದಾರೆ. ನಿಜ. ಒರಳುಕಲ್ಲಿನ ಮುಂದೆ ಕೂರುತ್ತಿದ್ದ ಹೊತ್ತು ಉಳಿಯಿತು. ಆದರೆ ಉಳಿದ ಹೊತ್ತು ಎಲ್ಲಿ ಹೋಯಿತು? ನಮ್ಮೂರಲ್ಲಿ ಅದು ನೇರವಾಗಿ ಕಂಡಿಕೆಗೆ ಹೋಯಿತು. ಇದು ನಮ್ಮೂರ ಕತೆ ಮಾತ್ರವಲ್ಲ. ರೂತ್ ಶ್ವಾರ್ಟ್ಜ್ ಕೋವನ್ ಎಂಬ ಇತಿಹಾಸಕಾರ್ತಿ 1983ರಲ್ಲಿ ಅಮೆರಿಕದ ಗೃಹಿಣಿಯರ ಬಗ್ಗೆ ಒಂದು ಪುಸ್ತಕ ಬರೆದರು. ಮನೆಗೆ ಯಂತ್ರ ಬಂದರೂ ಗೃಹಿಣಿಯ ದುಡಿಮೆಯ ಹೊತ್ತು ಕಡಿಮೆಯಾಗಲಿಲ್ಲ ಎಂಬುದೇ ಅದರ ಸಾರ. ಯಂತ್ರ ಒಂದು ಕೆಲಸ ಇಳಿಸಿದರೆ ಮನೆ ಇನ್ನೆರಡು ಹೊರಿಸುತ್ತೆ!

ನಮ್ಮ ಕೇಂದ್ರ ಸರ್ಕಾರದವರೂ ಹೊತ್ತಿನ ಲೆಕ್ಕ ತೆಗೆದಿದ್ದಾರೆ. ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗಿದವರ ಪೈಕಿ, 2019ರ ಸಮೀಕ್ಷೆಯಂತೆ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ದುಡಿಯುತ್ತಿದ್ದರು. 2024ರಲ್ಲಿ ಮತ್ತೆ ಲೆಕ್ಕ ಹಾಕಿದಾಗ ಹೆಂಗಸರದು 289, ಗಂಡಸರದು 88. ನಮಗೆ ಹತ್ತು ನಿಮಿಷ ಉಳಿಯಿತು ಅಂತ ಸಂತೋಷಪಡೋಣ ಅಂದರೆ, ಗಂಡಸರು ಒಂಬತ್ತು ನಿಮಿಷ ಉಳಿಸಿಕೊಂಡುಬಿಟ್ಟಿದ್ದಾರೆ ನೋಡಿ!

ಮಗ್ಗದ ಮನೆಯ ತಮಾಷೆ ಏನೆಂದರೆ, ಅಲ್ಲಿ ಲೆಕ್ಕವಿಲ್ಲದ್ದು ಯಾವುದೂ ಇಲ್ಲ. ಮಗ್ಗದ ಮೇಲುಗಡೆ ತೂತು ಹೊಡೆದ ರಟ್ಟುಗಳ ಸರ ತೂಗುತ್ತಿರುವುದನ್ನು ನೋಡಿದ್ದೀರಲ್ಲ? ಅದು ಜಕಾರ್ಡ್. ಫ್ರಾನ್ಸಿನ ಜೋಸೆಫ್ ಮೇರಿ ಜಕಾರ್ಡ್ 1804ರಲ್ಲಿ ತಂದ ಯುಕ್ತಿ. ರಟ್ಟಿನಲ್ಲಿ ತೂತಿದ್ದ ಕಡೆ ಎಳೆ ಮೇಲೇಳುತ್ತೆ, ತೂತಿಲ್ಲದ ಕಡೆ ಕೆಳಗೇ ಉಳಿಯುತ್ತೆ. ಲಾಳಿಯ ಓಟಕ್ಕೊಂದು ರಟ್ಟು. ಅಂಚಿನ ಹೂವು, ಸೆರಗಿನ ನವಿಲು ಎಲ್ಲ ಮೂಡುವುದು ಈ ತೂತಿನ ಲೆಕ್ಕದಿಂದಲೇ. ಇಂಗ್ಲೆಂಡಿನ ಬ್ಯಾಬೇಜ್ ಎಂಬಾತ ಲೆಕ್ಕ ಮಾಡುವ ಯಂತ್ರವೊಂದನ್ನು ಯೋಚಿಸಿದಾಗ ಇದೇ ತೂತಿನ ರಟ್ಟುಗಳನ್ನು ಅದಕ್ಕೆ ಹೊಂದಿಸಬಯಸಿದ. 1843ರಲ್ಲಿ ಆ ಯಂತ್ರದ ಬಗ್ಗೆ ಬರೆದ ಏಡಾ ಲವ್‌ಲೇಸ್ ಎಂಬ ಹೆಣ್ಣುಮಗಳು ಅದನ್ನು ಜಕಾರ್ಡ್ ಮಗ್ಗಕ್ಕೇ ಹೋಲಿಸಿದಳು. ಅದೇ ಯೋಚನೆ ಮುಂದೆ ಬೆಳೆದು ಇಂದಿನ ಕಂಪ್ಯೂಟರಿನವರೆಗೆ ಬಂತು. ಬೆಳಿಗ್ಗೆ ಬಸ್ಸು ಹತ್ತಿ ಬೆಂಗಳೂರಿಗೆ ಕಂಪ್ಯೂಟರ್ ಕೆಲಸಕ್ಕೆ ಹೋಗುವ ನಮ್ಮ ಮಕ್ಕಳಿಗೆ ಹೇಳಿ: ನಿಮ್ಮ ಯಂತ್ರದ ಮುತ್ತಜ್ಜ ನಮ್ಮ ನಡುಮನೆಯಲ್ಲಿ ಇನ್ನೂ ದುಡಿಯುತ್ತಿದ್ದಾನೆ ಅಂತ.

ಒಂದೊಂದು ಎಳೆಗೂ ಒಂದೊಂದು ತೂತಿನ ಲೆಕ್ಕವಿರುವ ಮನೆಯಲ್ಲಿ ಲೆಕ್ಕಕ್ಕೆ ಬಾರದವಳು ಕಂಡಿಕೆ ಸುತ್ತುವವಳು ಒಬ್ಬಳೇ.

ಹೆಸರಿಗೂ ಇದೇ ಗತಿ. ನೇಯ್ಗೆಯವರಾದ ಜೇಡರ ದಾಸಿಮಯ್ಯನವರ ಹೆಸರು ಕೇಳದ ಕನ್ನಡಿಗರಿಲ್ಲ. ಅವರ ಪತ್ನಿ ದುಗ್ಗಳೆಯೂ ವಚನ ಬರೆದವರು ಎಂದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಈಗ ಇನ್ನೊಂದು ಬದಲಾವಣೆ ಬರುತ್ತಿದೆ. ಲಾಳಿಯೇ ಇಲ್ಲದ ರೇಪಿಯರ್ ಮಗ್ಗಗಳು. ಇವು ದೊಡ್ಡ ನೂಲಿನ ಉಂಡೆಯಿಂದಲೇ ನೇರವಾಗಿ ಹೊಕ್ಕಿನ ಎಳೆಯನ್ನು ಎಳೆದುಕೊಳ್ಳುತ್ತವೆ. ಲಾಳಿ ಇಲ್ಲವೆಂದರೆ ಕಂಡಿಕೆಯೂ ಬೇಡ. "ಒಳ್ಳೇದೇ ಆಯ್ತಲ್ಲ, ಬೆನ್ನುನೋವು ತಪ್ಪಿತು" ಎಂದೆ ನಾನು ಎದುರು ಮನೆಯಾಕೆಗೆ. ಆಕೆ ನಕ್ಕು, "ನಿಮಗೇನಕ್ಕ, ಹೇಳ್ತೀರ. ನಾನು ನಾಲ್ಕು ಮನೆಗೆ ಕಂಡಿಕೆ ಸುತ್ತಿಕೊಟ್ಟು ಹುಡುಗಿ ಫೀಸು ಕಟ್ತಿದ್ದೀನಿ. ಅವರೆಲ್ಲ ಆ ಮಗ್ಗ ಹಾಕಿಸಿದರೆ ನನ್ನ ಕರೆದು ಹೇಳೋರು ಯಾರು?" ಅಂದಳು. ಅವಳ ಮಾತಿನಲ್ಲಿ ಸತ್ಯವಿದೆ. ಕಾರ್ಖಾನೆಯಲ್ಲಿ ಕೆಲಸ ಹೋದರೆ ನೋಟೀಸು, ಲೆಕ್ಕ ಚುಕ್ತಾ ಏನಾದರೊಂದು ಇರುತ್ತೆ. ಲೆಕ್ಕದಲ್ಲೇ ಇಲ್ಲದ ಕೆಲಸ ಹೋದರೆ ಅದು ಹೋಯಿತೆಂದೂ ಯಾರಿಗೂ ತಿಳಿಯುವುದಿಲ್ಲ.

ಆಕೆಯ ಮಗಳ ಗೆಳತಿಯೊಬ್ಬಳು ನಮ್ಮೂರ ಅಪರೆಲ್ ಪಾರ್ಕಿನ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಅಲ್ಲೂ ದುಡಿತ ಕಡಿಮೆಯೇನಲ್ಲ. ಗುರಿ ಮುಟ್ಟಿಸುವ ಒತ್ತಡ ಬೇರೆ. ಆದರೂ ಹಾಜರಿ ಇದೆ, ಭಾನುವಾರ ರಜೆ ಇದೆ, ಪಿ.ಎಫ್., ಇ.ಎಸ್.ಐ. ಇದೆ. "ನಾನು ಕೆಲಸಕ್ಕೆ ಹೋಗ್ತೀನಿ" ಅಂತ ತಲೆ ಎತ್ತಿ ಹೇಳುತ್ತಾಳೆ. ಅವಳ ತಾಯಿ ಮನೆಯಲ್ಲಿ ಅಷ್ಟೇ ಗಂಟೆ ನೂಲಿನ ಜೊತೆ ಹೆಣಗಿ, "ಸುಮ್ಮನೆ ಮನೇಲಿದ್ದೀನಿ" ಅನ್ನುತ್ತಾಳೆ.

ಈ "ಸುಮ್ಮನೆ" ಎನ್ನುವ ಪದವನ್ನು ಮೊದಲು ಬಿಡೋಣ. 1991ರ ಜನಗಣತಿಯಲ್ಲಿ, ಹೊಲದಲ್ಲೋ ಮನೆಯ ಕಸುಬಿನಲ್ಲೋ ಕೂಲಿಯಿಲ್ಲದೆ ಮಾಡುವ ದುಡಿಮೆಯನ್ನೂ ಕೆಲಸವೆಂದೇ ಸೇರಿಸಿ ಕೇಳಬೇಕು ಎಂದು ಪ್ರಶ್ನೆಯಲ್ಲೇ ಬರೆದರು. ಆದರೆ ಕೇಳಿದಾಗ ನಾವೇ "ಏನೂ ಇಲ್ಲ" ಅಂದರೆ ಅವರೇನು ಮಾಡಿಯಾರು? ಇನ್ನೊಮ್ಮೆ ಗಣತಿಯವರು ಬಾಗಿಲಿಗೆ ಬಂದರೆ "ಕಂಡಿಕೆ ಸುತ್ತುತ್ತೀನಿ, ಎಳೆ ಕೂಡಿಸುತ್ತೀನಿ" ಅಂತ ಬಾಯಿ ಬಿಟ್ಟು ಹೇಳಿ. ಅಹಮದಾಬಾದಿನಲ್ಲಿ ಇಳಾ ಭಟ್ ಅವರು 1972ರಲ್ಲಿ ಕಟ್ಟಿದ ಸೇವಾ ಸಂಘ ಮನೆಯಲ್ಲೇ ದುಡಿಯುವ ಹೆಂಗಸರ ಪರವಾಗಿ ವರ್ಷಗಟ್ಟಲೆ ಹೋರಾಡಿತು. 1996ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮನೆಗೆಲಸಗಾರರಿಗಲ್ಲ, ಮನೆಯಲ್ಲಿ ಕೂತು ಕೂಲಿ ಕೆಲಸ ಮಾಡುವವರಿಗಾಗಿಯೇ ಒಂದು ಒಪ್ಪಂದ ಮಾಡಿತು. ಬಾಯಿ ಬಿಟ್ಟಿದ್ದರಿಂದ ಆದದ್ದು ಅದು.

ಇನ್ನು ಮನೆಮಟ್ಟದಲ್ಲಿ ಮಾಡಬಹುದಾದ ಕೆಲವು ಮಾತು.

ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತೀರಲ್ಲ, ಅದರ ಪಕ್ಕದಲ್ಲೇ ಕಂಡಿಕೆಗೆ ಕೂತ ಗಂಟೆಗಳನ್ನೂ ಬರೆಯಿರಿ. ಒಂದು ತಿಂಗಳು ಸಾಕು. ಜಗಳಕ್ಕಲ್ಲ, ಮನೆಯವರ ಕಣ್ಣಿಗೆ ಬೀಳಲೆಂದು. ಹೊರಗಿನವರಿಗೆ ಸುತ್ತಿಕೊಡುವುದಾದರೆ ಅದಕ್ಕೆ ಕೊಡುವ ದುಡ್ಡನ್ನು ಲೆಕ್ಕ ಹಿಡಿದು, ಸ್ವಂತ ಮನೆಯ ದುಡಿಮೆಯ ಬೆಲೆ ಎಷ್ಟಾಗುತ್ತೆ ಅಂತ ಗುಣಿಸಿ ನೋಡಿ. ಸೀರೆ ಕೂಲಿಯಲ್ಲಿ ಒಂದು ಪಾಲು ನಿಮ್ಮ ಹೆಸರಿಗೇ ಬೀಳಲಿ. ಗೃಹಲಕ್ಷ್ಮಿ ಹಣಕ್ಕೆಂದು ಖಾತೆ ಹೇಗೂ ತೆರೆದಿದ್ದೀರಿ.

ಅಸಂಘಟಿತ ಕಾರ್ಮಿಕರಿಗಾಗಿ 2021ರ ಆಗಸ್ಟಿನಲ್ಲಿ ಶುರುವಾದ ಇ-ಶ್ರಮ್ ನೋಂದಣಿ ಇದೆ. 16ರಿಂದ 59 ವಯಸ್ಸಿನವರು, ಪಿ.ಎಫ್., ಇ.ಎಸ್.ಐ. ಇಲ್ಲದವರು ಸೇರಬಹುದು, ಮನೆಯಲ್ಲೇ ದುಡಿಯುವವರೂ ಸೇರಬಹುದು. ಆಧಾರ್, ಅದಕ್ಕೆ ಜೋಡಿಸಿದ ಫೋನು, ಬ್ಯಾಂಕ್ ಖಾತೆ ಇದ್ದರೆ ಆಯಿತು. ಅಲ್ಲಿ ಕಸುಬು ಯಾವುದು ಅಂತ ಕೇಳಿದಾಗ ಗಂಡನ ಕಸುಬಲ್ಲ, ನಿಮ್ಮದು ಹೇಳಿ.

ಕಿವಿಯ ಮಾತು ಮರೆಯಬೇಡಿ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಇರಬಾರದು ಅನ್ನುತ್ತಾರೆ ತಿಳಿದವರು. ಅಲ್ಲಿಂದ ಮೂರು ಡೆಸಿಬಲ್ ಏರಿದಂತೆಲ್ಲ ಆ ಹೊತ್ತು ಅರ್ಧರ್ಧ ಆಗಬೇಕು. ಮಗ್ಗದ ಕೋಣೆಗಳಲ್ಲಿ 90 ದಾಟುವುದು ಸಾಮಾನ್ಯ. ಮೊದಲು ಕೆಡುವುದು ಸಣ್ಣ ಕೀರಲು ದನಿ ಕೇಳುವ ಶಕ್ತಿ. ಮಾತು ಕೇಳಿಸುತ್ತೆ, ಆದರೆ ಏನೆಂದು ತಿಳಿಯುವುದಿಲ್ಲ. ಟಿ.ವಿ. ಸದ್ದು ದಿನೇ ದಿನೇ ಏರಿಸುತ್ತಿದ್ದೀರಾ? "ಏನಂದೆ?" ಅಂತ ಪದೇ ಪದೇ ಕೇಳುತ್ತಿದ್ದೀರಾ? ಹಾಗಿದ್ದರೆ ಕಿವಿ ಡಾಕ್ಟರಿಗೆ ತೋರಿಸಿ. ಒಮ್ಮೆ ಹೀಗೆ ಹೋದ ಶ್ರವಣ ಔಷಧಿಯಿಂದ ಮರಳುವುದಿಲ್ಲ. ಬರೀ ಹತ್ತಿ ತುರುಕಿದರೆ ಸಾಲದು. ಔಷಧಿ ಅಂಗಡಿಯಲ್ಲಿ ಸಿಗುವ ಮೆತ್ತನೆಯ ಕಿವಿಬಿರಡೆ ಇಟ್ಟುಕೊಳ್ಳಿ. ಮಗ್ಗದ ಕಾಲಿನಡಿ ದಪ್ಪ ರಬ್ಬರು ಹಾಕಿಸಿದರೆ ಅದುರು ತಗ್ಗುತ್ತೆ, ಪಕ್ಕದ ಮನೆಯವರೂ ಹರಸುತ್ತಾರೆ. ತೊಟ್ಟಿಲನ್ನು ಮಗ್ಗದಿಂದ ಆದಷ್ಟು ದೂರ ಕಟ್ಟಿ. ಕೂಸು ನಿದ್ದೆ ಮಾಡುತ್ತೆ, ನಿಜ. ಆದರೆ ಅದರ ಕಿವಿ ನಿದ್ದೆ ಮಾಡುವುದಿಲ್ಲ. ಮೋಟಾರಿನಲ್ಲಿ ಕಂಡಿಕೆ ಸುತ್ತುವಾಗ ಸೆರಗು ಸಿಕ್ಕಿಸಿ, ಜಡೆ ಕಟ್ಟಿ ಕೂರಿ. ಬೆಲ್ಟಿಗೆ ಸೆರಗು ಯಾವುದು, ನೂಲು ಯಾವುದು ಅಂತ ಗೊತ್ತಾಗುವುದಿಲ್ಲ.

10 ಎಚ್.ಪಿ.ವರೆಗಿನ ವಿದ್ಯುತ್ ಮಗ್ಗಗಳಿಗೆ ಉಚಿತ ಕರೆಂಟು ಕೊಡುವ ಯೋಜನೆಯನ್ನು ರಾಜ್ಯ ಸರ್ಕಾರ 2023ರಲ್ಲಿ ತಂದಿತು. ಮಗ್ಗಕ್ಕೆ ಸಂದ ಈ ಮನ್ನಣೆ ಒಳ್ಳೆಯದೇ. ಆದರೆ ಮಗ್ಗ ಓಡುವುದು ಕರೆಂಟಿನಿಂದ ಮಾತ್ರವಲ್ಲ, ಕಂಡಿಕೆಯಿಂದಲೂ. ಮುಂದಿನ ಸಲ ಅಂಗಡಿಯಲ್ಲಿ ಸೀರೆ ಬಿಡಿಸಿ ಬಣ್ಣ, ಅಂಚು ನೋಡುವಾಗ ಅಡ್ಡ ಎಳೆಯನ್ನೂ ಒಂದಿಷ್ಟು ಬೆರಳಾಡಿಸಿ ನೋಡಿ. ಅದನ್ನು ಯಾವುದೋ ಬೀದಿಯ ಒಬ್ಬಾಕೆ ಸಾರಿಗೆ ಒಗ್ಗರಣೆ ಹಾಕಿ ಬಂದು ಸುತ್ತಿಕೊಟ್ಟಿರುತ್ತಾಳೆ.

ನಿಮ್ಮೂರಲ್ಲಿ ಮಗ್ಗವಿಲ್ಲದಿರಬಹುದು. ಬೀಡಿ, ಅಗರಬತ್ತಿ, ಹಪ್ಪಳ, ಹೂವು ಕಟ್ಟುವುದು, ಹಸು ಕಟ್ಟಿ ಡೈರಿಗೆ ಹಾಲು ಹಾಕುವುದು, ಏನೋ ಒಂದು ಇದ್ದೇ ಇರುತ್ತೆ. ಅದರಲ್ಲಿ ನಿಮ್ಮ ಪಾಲಿನ ಗಂಟೆ ಎಷ್ಟು? ಈ ಹದಿನೈದು ದಿನ ಲೆಕ್ಕವಿಟ್ಟು, ಒಂದು ಕಾಗದ ಬರೆದು ತಿಳಿಸುತ್ತೀರಾ?